ದರ ಏರಿಸಲು ಗುಟ್ಟಿನ ಮಾತುಕತೆ ಬೇಕಿಲ್ಲ: ಮೊಬೈಲ್ ಕಂಪೆನಿಗಳ ಆಟದ ಲೆಕ್ಕಾಚಾರ

ಬೆಂಗಳೂರು: 2024ರ ಜೂನ್ 27ರಂದು ರಿಲಯನ್ಸ್ ಜಿಯೊ ತನ್ನ ಮೊಬೈಲ್ ದರಗಳನ್ನು ಏರಿಸುವುದಾಗಿ ಪ್ರಕಟಿಸಿತು. ಮರುದಿನವೇ ಭಾರ್ತಿ ಏರ್‌ಟೆಲ್ ಹಾಗೂ ವೊಡಾಫೋನ್ ಐಡಿಯಾ ಅದೇ ಹಾದಿ ಹಿಡಿದವು. ಜುಲೈ 3 ಮತ್ತು 4ರಂದು ಮೂರೂ ಕಂಪೆನಿಗಳ ಹೊಸ ದರಗಳು ಜಾರಿಗೆ ಬಂದವು. 28 ದಿನಗಳ ಅನಿಯಮಿತ ಕರೆಯ ಆರಂಭಿಕ ಯೋಜನೆ ಜಿಯೊದಲ್ಲಿ 155 ರೂಪಾಯಿಯಿಂದ 189ಕ್ಕೆ ಏರಿತು. ಉಳಿದ ಎರಡು ಕಂಪೆನಿಗಳಲ್ಲಿ ಅದು 179ರಿಂದ ಒಂದೇ ಅಂಕಿಗೆ, ಅಂದರೆ 199ಕ್ಕೆ ಬಂದು ನಿಂತಿತು.

ಇದು ಮೊದಲ ಸಲವೇನೂ ಅಲ್ಲ. 2021ರ ನವೆಂಬರ್ 22ರಂದು ಏರ್‌ಟೆಲ್, 23ರಂದು ವೊಡಾಫೋನ್ ಐಡಿಯಾ, 28ರಂದು ಜಿಯೊ ದರ ಏರಿಕೆ ಪ್ರಕಟಿಸಿದ್ದವು. ಅದಕ್ಕೂ ಎರಡು ವರ್ಷ ಹಿಂದೆ, 2019ರ ಡಿಸೆಂಬರ್ ಮೊದಲ ವಾರದಲ್ಲಿಯೂ ಮೂವರ ದರ ಒಟ್ಟೊಟ್ಟಿಗೇ ಏರಿತ್ತು. ರೀಚಾರ್ಜ್ ಅಂಗಡಿಯ ಮುಂದೆ ನಿಂತ ಗ್ರಾಹಕನಿಗೆ ಸಹಜವಾಗಿಯೇ ಒಂದು ಅನುಮಾನ ಮೂಡುತ್ತದೆ: ಇವರೆಲ್ಲ ಮುಚ್ಚಿದ ಕೋಣೆಯಲ್ಲಿ ಕುಳಿತು ಮಾತಾಡಿಕೊಂಡಿದ್ದಾರೆಯೇ?

ಮಾತಾಡಿಕೊಂಡಿದ್ದಾರೆ ಎನ್ನಲು ಆಧಾರವಿಲ್ಲ. ಆದರೆ ಗ್ರಾಹಕನ ಪಾಲಿಗೆ ಇದಕ್ಕಿಂತ ಕಳವಳದ ಸಂಗತಿ ಬೇರೆಯಿದೆ. ಇಂತಹ ಏರಿಕೆಗೆ ಮಾತುಕತೆಯ ಅಗತ್ಯವೇ ಇಲ್ಲ. ಅರ್ಥಶಾಸ್ತ್ರದಲ್ಲಿ ಗೇಮ್ ಥಿಯರಿ ಅಥವಾ ಆಟದ ಸಿದ್ಧಾಂತ ಎಂದು ಕರೆಯಲಾಗುವ ಶಾಖೆ ಇದನ್ನು ಬಹಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದೆ.

ಇಬ್ಬರು ವ್ಯಾಪಾರಿಗಳ ಲೆಕ್ಕ

ಗಣಿತಜ್ಞ ಜಾನ್ ವಾನ್ ನ್ಯೂಮನ್ ಹಾಗೂ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಶಾಸ್ತ್ರಕ್ಕೆ ಒಂದು ರೂಪ ಬಂತು. 1950ರ ಸುಮಾರಿಗೆ ಜಾನ್ ನ್ಯಾಶ್ ಅದಕ್ಕೆ ಬೆನ್ನೆಲುಬು ಒದಗಿಸಿದರು. ಉಳಿದವರ ನಡೆ ಬದಲಾಗದಿದ್ದಲ್ಲಿ ತಾನೊಬ್ಬನೇ ನಡೆ ಬದಲಿಸುವುದರಿಂದ ಯಾವ ಆಟಗಾರನಿಗೂ ಲಾಭವಿಲ್ಲದ ಸ್ಥಿತಿಯನ್ನು ನ್ಯಾಶ್ ಸಮತೋಲನ ಎನ್ನುತ್ತಾರೆ. ಈ ಕೊಡುಗೆಗಾಗಿ ಅವರು 1994ರ ಅರ್ಥಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಹರ್ಸಾನಿ ಹಾಗೂ ರೈನ್‌ಹಾರ್ಡ್ ಸೆಲ್ಟನ್ ಅವರೊಡನೆ ಹಂಚಿಕೊಂಡರು.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಂದು ಮಾರುಕಟ್ಟೆಯಲ್ಲಿ ಇಬ್ಬರೇ ಮಾರಾಟಗಾರರು ಇದ್ದಾರೆ. ಇಬ್ಬರೂ ಹೆಚ್ಚು ದರ ಇಟ್ಟರೆ ತಿಂಗಳಿಗೆ ತಲಾ 50 ಕೋಟಿ ಲಾಭ. ಒಬ್ಬ ದರ ಇಳಿಸಿ ಇನ್ನೊಬ್ಬ ಸುಮ್ಮನಿದ್ದರೆ ಗಿರಾಕಿಗಳು ಅಗ್ಗದವನತ್ತ ನುಗ್ಗುತ್ತಾರೆ. ಅವನಿಗೆ 70 ಕೋಟಿ, ಸುಮ್ಮನಿದ್ದವನಿಗೆ ಬರೀ 5 ಕೋಟಿ. ಇಬ್ಬರೂ ಇಳಿಸಿದರೆ ತಲಾ 20 ಕೋಟಿ. ಈಗ ಯಾರೊಬ್ಬರ ಸ್ಥಾನದಲ್ಲಿ ನಿಂತು ಯೋಚಿಸಿದರೂ ಉತ್ತರ ಒಂದೇ. ಎದುರಾಳಿ ದರ ಏರಿಸಿಟ್ಟರೂ ಇಳಿಸಿದರೂ ನಾನು ಇಳಿಸುವುದೇ ಮೇಲು. ಹೀಗೆ ಇಬ್ಬರೂ ಜಾಣತನದಿಂದಲೇ ನಡೆದು 50ರ ಬದಲು 20ಕ್ಕೆ ಬಂದು ಬೀಳುತ್ತಾರೆ. ಬೇರೆ ಬೇರೆ ಕೋಣೆಗಳಲ್ಲಿ ವಿಚಾರಣೆಗೆ ಒಳಗಾಗುವ ಇಬ್ಬರು ಆರೋಪಿಗಳು ಪರಸ್ಪರರ ಮೇಲೆ ನಂಬಿಕೆಯಿಲ್ಲದೆ ತಪ್ಪೊಪ್ಪಿಕೊಳ್ಳುವ ಕಥೆಯ ಮೂಲಕ ಇದನ್ನು ವಿವರಿಸುವ ರೂಢಿಯಿರುವುದರಿಂದ ಇದಕ್ಕೆ ‘ಕೈದಿಗಳ ಇಬ್ಬಂದಿ’ ಎಂಬ ಹೆಸರಿದೆ.

ಆದರೆ ವ್ಯಾಪಾರ ಒಂದು ತಿಂಗಳಿಗೆ ಮುಗಿಯುವ ಆಟವಲ್ಲ. ಈ ತಿಂಗಳು ದರ ಇಳಿಸಿ 20 ಕೋಟಿ ಹೆಚ್ಚು ಗಳಿಸಿದವನು ಮುಂದಿನ ತಿಂಗಳಿನಿಂದ, ಎದುರಾಳಿಯೂ ಇಳಿಸಿದಾಗ, ಪ್ರತಿ ತಿಂಗಳೂ 30 ಕೋಟಿ ಕಳೆದುಕೊಳ್ಳುತ್ತಾನೆ. ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಇದೇ ಆಟವನ್ನು ಮತ್ತೆ ಮತ್ತೆ ಆಡುವ ಕಂಪ್ಯೂಟರ್ ಪಂದ್ಯಾವಳಿಗಳನ್ನು ಏರ್ಪಡಿಸಿದ್ದರು. ಗೆದ್ದದ್ದು ಅತ್ಯಂತ ಸರಳವಾದ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಾಳಿ ಕಳೆದ ಸಲ ಏನು ಮಾಡಿದನೋ ಅದನ್ನೇ ನೀನೂ ಮಾಡು. ಅನತೋಲ್ ರಾಪಪೋರ್ಟ್ ಕಳುಹಿಸಿದ್ದ ಈ ತಂತ್ರದ ಸಾರ ನಮ್ಮವರಿಗೆ ಹೊಸದಲ್ಲ; ‘ನೀ ನನಗಿದ್ದರೆ ನಾ ನಿನಗೆ’ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ.

ಇಲ್ಲಿ ಆಟಗಾರರ ಸಂಖ್ಯೆ ನಿರ್ಣಾಯಕವಾಗುತ್ತದೆ. ಮೇಲಿನ ಮಾರುಕಟ್ಟೆಯಲ್ಲಿ ಇಬ್ಬರ ಬದಲು ಹತ್ತು ಮಂದಿ ಇದ್ದಾರೆ ಎನ್ನಿ. ಹೆಚ್ಚು ದರದಲ್ಲಿ ತಲಾ 10 ಕೋಟಿ, ಎಲ್ಲರೂ ಇಳಿಸಿದರೆ ತಲಾ 4 ಕೋಟಿ. ಒಬ್ಬ ಮೊದಲು ಇಳಿಸಿ ಎಲ್ಲರ ಗಿರಾಕಿಗಳನ್ನೂ ಸೆಳೆದುಕೊಂಡರೆ ಅವನಿಗೆ ಒಂದೇ ತಿಂಗಳಲ್ಲಿ 70 ಕೋಟಿ. ಅಂದರೆ ಲಾಭ 60 ಕೋಟಿ. ಆಮೇಲಿನ ಶಿಕ್ಷೆ ತಿಂಗಳಿಗೆ 6 ಕೋಟಿ ಮಾತ್ರ. ಗಳಿಸಿದ್ದು ಕರಗಲು ಹತ್ತು ತಿಂಗಳು ಬೇಕು. ಇಬ್ಬರಿದ್ದಾಗ ಅದು ಮರುತಿಂಗಳೇ ಕರಗಿಹೋಗಿತ್ತು. ಆಟಗಾರರು ಹೆಚ್ಚಿದ್ದಲ್ಲಿ ದರ ಸಮರ ಏಕೆ ನಡೆಯುತ್ತದೆ, ಕಡಿಮೆಯಾದಾಗ ಅದು ಏಕೆ ತಣ್ಣಗಾಗುತ್ತದೆ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಪೈಸೆಯ ಸಮರದಿಂದ ಉಚಿತದವರೆಗೆ

ಭಾರತದ ಮೊಬೈಲ್ ಮಾರುಕಟ್ಟೆ ಈ ಲೆಕ್ಕದ ಎರಡೂ ಮುಖಗಳನ್ನು ಕಂಡಿದೆ. 1990ರ ದಶಕದ ಮಧ್ಯದಲ್ಲಿ ಒಂದು ದೂರಸಂಪರ್ಕ ವೃತ್ತಕ್ಕೆ ಎರಡೇ ಖಾಸಗಿ ಕಂಪೆನಿಗಳಿಗೆ ಪರವಾನಗಿ ನೀಡಲಾಗುತ್ತಿತ್ತು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಒಳಬರುವ ಕರೆಗೂ ಹಣ ತೆರಬೇಕಿತ್ತು.

2009ರ ಹೊತ್ತಿಗೆ ಚಿತ್ರ ತಲೆಕೆಳಗಾಗಿತ್ತು. ಒಂದೊಂದು ವೃತ್ತದಲ್ಲಿ ಹತ್ತಕ್ಕೂ ಹೆಚ್ಚು ಕಂಪೆನಿಗಳು ಮುಖಾಮುಖಿಯಾಗಿದ್ದವು. ಆ ವರ್ಷ ಜೂನ್‌ನಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂಬ ಲೆಕ್ಕದೊಂದಿಗೆ ಕಣಕ್ಕಿಳಿಯಿತು. ಹಳೆಯ ಕಂಪೆನಿಗಳು ಕೆಲವು ತಿಂಗಳು ನಿರ್ಲಕ್ಷಿಸಿದವು, ಆಮೇಲೆ ಒಂದೊಂದಾಗಿ ಶರಣಾದವು. ಹತ್ತು ಸೆಕೆಂಡು ಮಾತಾಡಿದರೂ ಪೂರ್ತಿ ನಿಮಿಷದ ಹಣ ಕೊಡುವ ಪದ್ಧತಿ ಆ ವರ್ಷಾಂತ್ಯದೊಳಗೆ ಬಹುಪಾಲು ಮಾಯವಾಯಿತು.

2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾದಾಗ ನಡೆದದ್ದು ಇನ್ನೂ ದೊಡ್ಡ ಸಮರ. ಕರೆ ಶಾಶ್ವತವಾಗಿ ಉಚಿತ, ಡೇಟಾ ವರ್ಷಾಂತ್ಯದವರೆಗೆ ಉಚಿತ. ಆಮೇಲೆ ಆ ಗಡುವು 2017ರ ಮಾರ್ಚ್ 31ರವರೆಗೆ ವಿಸ್ತರಣೆಯಾಯಿತು. ಆರೇ ತಿಂಗಳೊಳಗೆ 10 ಕೋಟಿ ಚಂದಾದಾರರು ಸೇರಿದರು. ಇದನ್ನು ಕೇವಲ ಹಣದ ಬಲ ಎಂದು ತಳ್ಳಿಹಾಕುವವರಿದ್ದಾರೆ. ಹಣದ ಬಲವಿದ್ದದ್ದು ನಿಜ, ಆದರೆ ಅದರ ಹಿಂದಿನ ಲೆಕ್ಕ ಗಮನಿಸುವಂಥದು. ಏರ್‌ಟೆಲ್, ವೊಡಾಫೋನ್, ಐಡಿಯಾಗಳ ಆದಾಯದ ದೊಡ್ಡ ಪಾಲು ಕರೆಗಳಿಂದ ಬರುತ್ತಿತ್ತು. ಕರೆಯನ್ನು ಉಚಿತಗೊಳಿಸಿದರೆ ಅವು ಇರುವ ಪ್ರತಿಯೊಬ್ಬ ಗಿರಾಕಿಯಿಂದಲೂ ನಷ್ಟ ಅನುಭವಿಸಬೇಕಿತ್ತು. ಜಿಯೊಗೆ ಕಳೆದುಕೊಳ್ಳಲು ಹಳೆಯ ಗಿರಾಕಿಯೇ ಇರಲಿಲ್ಲ. ಮೇಲಾಗಿ ಅದು ಕಟ್ಟಿದ್ದು 4ಜಿ ಜಾಲ ಮಾತ್ರ. ಅದರಲ್ಲಿ ಧ್ವನಿಯೂ ಡೇಟಾದ ಒಂದು ಸಣ್ಣ ತುಣುಕು. ಜಾಲಕ್ಕೆ ಹೂಡಿದ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಯನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ. ಹಿಂದೆ ಸರಿಯಲು ದಾರಿಯಿಲ್ಲದ ಎದುರಾಳಿಯ ಬೆದರಿಕೆಯನ್ನು ಎಲ್ಲರೂ ನಂಬುತ್ತಾರೆ.

ಏರ್‌ಟೆಲ್ ಸ್ಪರ್ಧಾ ಆಯೋಗದ ಮೆಟ್ಟಿಲೇರಿ, ಇದು ಎದುರಾಳಿಗಳನ್ನು ಮುಗಿಸುವ ದರನೀತಿ ಎಂದು ದೂರಿತು. 2017ರ ಜೂನ್‌ನಲ್ಲಿ ಆಯೋಗ ದೂರನ್ನು ತಳ್ಳಿಹಾಕಿತು. ಜಿಯೊ ಪಾಲು ಆಗ ಶೇ 7ಕ್ಕಿಂತ ಕಡಿಮೆಯಿದ್ದು, ಮಾರುಕಟ್ಟೆಯಲ್ಲಿ ಪ್ರಾಬಲ್ಯವಿಲ್ಲದ ಕಂಪೆನಿಗೆ ಆ ಆರೋಪ ಅನ್ವಯಿಸದು ಎಂಬುದು ಕಾನೂನಿನ ನಿಲುವು. ಅಕ್ಷರಶಃ ಅದು ಸರಿ. ಆದರೆ ಯಾರು ಕೊನೆಗೆ ಉಳಿಯುತ್ತಾರೆ ಎಂಬ ಪ್ರಶ್ನೆ ಆ ಚೌಕಟ್ಟಿನೊಳಗೆ ಬರಲಿಲ್ಲ.

ಉಳಿದವರು ಕೆಲವರೇ. ಮುಕೇಶ್ ಅಂಬಾನಿಯವರ ತಮ್ಮ ಅನಿಲ್ ಅಂಬಾನಿಯವರ ಆರ್‌ಕಾಂ 2017ರ ಕೊನೆಯಲ್ಲಿ ಮೊಬೈಲ್ ಕರೆ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಟೆಲಿನಾರ್ ಹಾಗೂ ಟಾಟಾದ ಮೊಬೈಲ್ ವಹಿವಾಟು ಏರ್‌ಟೆಲ್ ಪಾಲಾದವು. ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ಒಂದಾದವು. ಹತ್ತು ಮಂದಿಯ ಆಟ ಮೂವರ ಆಟವಾಗಿತ್ತು.

ಪತ್ರಿಕಾ ಪ್ರಕಟಣೆಯೇ ಸನ್ನೆ

2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಒಟ್ಟು ಆದಾಯದ ಲೆಕ್ಕಾಚಾರ ಕುರಿತು ನೀಡಿದ ತೀರ್ಪು ಹಳೆಯ ಕಂಪೆನಿಗಳ ಮೇಲೆ ಭಾರಿ ಬಾಕಿಯ ಹೊರೆ ಹೊರಿಸಿತು. ಮರುತಿಂಗಳು ವೊಡಾಫೋನ್ ಐಡಿಯಾ ಒಂದೇ ತ್ರೈಮಾಸಿಕದಲ್ಲಿ 50,900 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿತು. ನವೆಂಬರ್ 18ರಂದು ಅದು, ಡಿಸೆಂಬರ್‌ನಿಂದ ದರ ಏರಿಸುವುದಾಗಿ ಬಹಿರಂಗವಾಗಿ ಹೇಳಿತು. ಎಷ್ಟು ಎಂದು ಹೇಳಲಿಲ್ಲ. ಅದೇ ದಿನ ಏರ್‌ಟೆಲ್, ಮರುದಿನ ಜಿಯೊ ತಾವೂ ಏರಿಸುವುದಾಗಿ ಹೇಳಿದವು. ಆಮೇಲಷ್ಟೇ ಅಂಕಿಗಳು ಹೊರಬಂದವು.

ಆಟದ ಸಿದ್ಧಾಂತದ ಕಣ್ಣಿನಲ್ಲಿ ಅದೊಂದು ಸನ್ನೆ. ನಾನು ಒಂದು ಹೆಜ್ಜೆ ಇಡುತ್ತೇನೆ, ನೀವೂ ಇಡುವಿರಾದರೆ ಮುಂದುವರಿಯುವೆ, ಇಲ್ಲವಾದರೆ ಹಿಂದೆಗೆಯಲು ಸಮಯವಿದೆ ಎಂಬರ್ಥ ಅದರೊಳಗಿದೆ. ಚಂದಾದಾರನೊಬ್ಬನಿಂದ ಬರುವ ಸರಾಸರಿ ಮಾಸಿಕ ಆದಾಯ 200, ಮುಂದೆ 300 ರೂಪಾಯಿ ಆಗಬೇಕೆಂದು ಏರ್‌ಟೆಲ್ ಮುಖ್ಯಸ್ಥ ಸುನಿಲ್ ಮಿತ್ತಲ್ ವರ್ಷಗಳ ಕಾಲ ಹೇಳುತ್ತಲೇ ಬಂದರು. ಹೂಡಿಕೆದಾರರಿಗೆ ಹೇಳಿದ ಮಾತು ಎದುರಾಳಿಯ ಕಿವಿಗೂ ಬೀಳುತ್ತದೆ. ಅದು ಅಪರಾಧವಲ್ಲ, ಷೇರುಪೇಟೆಯಲ್ಲಿರುವ ಕಂಪೆನಿ ಹೇಳಲೇಬೇಕಾದ ಮಾತೂ ಇರಬಹುದು. 2024ರ ಏರಿಕೆಯ ನಂತರ ಏರ್‌ಟೆಲ್‌ನ ಈ ಸರಾಸರಿ 230 ರೂಪಾಯಿ ದಾಟಿತು.

ಪರಸ್ಪರ ನಂಬಿಕೆ ಇನ್ನೂ ಗಟ್ಟಿಯಾಗದಿದ್ದ ಆ ದಿನಗಳಲ್ಲಿ ಮೂರೂ ಕಂಪೆನಿಗಳು, ಡೇಟಾಗೆ ಕನಿಷ್ಠ ದರ ನಿಗದಿಪಡಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವನ್ನು (ಟ್ರಾಯ್) ಕೇಳಿದ್ದವು. ನಮ್ಮ ಕೈ ನಾವೇ ಕಟ್ಟಿಕೊಳ್ಳಲಾರೆವು, ಅಂಪೈರ್ ಕಟ್ಟಲಿ ಎಂಬಂತಿದ್ದ ಕೋರಿಕೆಯದು. ಟ್ರಾಯ್ ಕನಿಷ್ಠ ದರ ನಿಗದಿ ಮಾಡಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ ಎಂಬುದನ್ನು 2021 ಮತ್ತು 2024 ತೋರಿಸಿಕೊಟ್ಟವು.

ಕಾನೂನು ಎಲ್ಲಿ ನಿಲ್ಲುತ್ತದೆ?

ಸ್ಪರ್ಧಾ ಕಾಯ್ದೆ 2002ರ 3ನೇ ಕಲಂ ಪ್ರಕಾರ ದರ ನಿಗದಿಗಾಗಿ ಕಂಪೆನಿಗಳು ಮಾಡಿಕೊಳ್ಳುವ ಒಪ್ಪಂದ ನಿಷಿದ್ಧ. ಒಪ್ಪಂದ ಎಂಬ ಆ ಒಂದು ಪದದ ಮೇಲೆಯೇ ಎಲ್ಲವೂ ನಿಂತಿದೆ. 2012ರಲ್ಲಿ ಆಯೋಗ ಸಿಮೆಂಟ್ ಕಂಪೆನಿಗಳ ಮೇಲೆ 6,300 ಕೋಟಿ ರೂಪಾಯಿಯಷ್ಟು ದಂಡ ವಿಧಿಸಿದಾಗ, ಉತ್ಪಾದಕರ ಸಂಘದ ವೇದಿಕೆಯಲ್ಲಿ ದರ ಹಾಗೂ ಉತ್ಪಾದನೆಯ ಮಾಹಿತಿ ಹಂಚಿಕೆಯಾಗಿತ್ತು ಎಂಬುದನ್ನು ಮುಂದಿಟ್ಟಿತ್ತು. ಆ ಪ್ರಕರಣ ಆಮೇಲೆ ಮೇಲ್ಮನವಿಗಳ ದೀರ್ಘ ಹಾದಿ ಹಿಡಿಯಿತು. ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಮಾತ್ರ, 2018ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ಆಯೋಗದ ದಂಡವನ್ನು ರದ್ದುಪಡಿಸಿತು. ಖರೀದಿದಾರರು ಬೆರಳೆಣಿಕೆಯಷ್ಟೇ ಇದ್ದು, ಬೆಲೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತಿರುವಲ್ಲಿ, ಟೆಂಡರಿನ ದರಗಳು ಹೋಲುತ್ತವೆ ಎಂಬುದೊಂದೇ ಒಳಒಪ್ಪಂದಕ್ಕೆ ಸಾಕ್ಷಿಯಾಗದು ಎಂದು ಅದು ಹೇಳಿತು.

ಇದು ತರ್ಕಬದ್ಧ ನಿಲುವೇ. ಎದುರಿನವನನ್ನು ನೋಡಿ ತನ್ನ ದರ ನಿರ್ಧರಿಸಬೇಡ ಎಂದು ಯಾವ ವ್ಯಾಪಾರಿಗೂ ಆದೇಶಿಸಲಾಗದು. ಆದರೆ ಅದರ ಬೆಲೆ ತೆರುವವರು ಯಾರು ಎಂಬುದನ್ನು ಮರೆಯುವಂತಿಲ್ಲ. ಒಳಬರುವ ಕರೆಗಾಗಿಯೇ ಫೋನ್ ಇಟ್ಟುಕೊಂಡ ಗಾರೆ ಕೆಲಸದವನಿಗೆ 2018ರ ಕೊನೆಯಲ್ಲಿ ಏರ್‌ಟೆಲ್‌ನ ಕನಿಷ್ಠ ರೀಚಾರ್ಜ್ 35 ರೂಪಾಯಿಯಿತ್ತು. 2021ರ ನವೆಂಬರ್‌ನಲ್ಲಿ ಅದು 99 ಆಯಿತು. 2023ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ವೃತ್ತಗಳಲ್ಲಿ 99ರ ಯೋಜನೆ ಕೈಬಿಟ್ಟು 155 ರೂಪಾಯಿಯನ್ನೇ ಆರಂಭಿಕ ದರವಾಗಿಸಲಾಯಿತು. ಅದರಲ್ಲಿ ಅನಿಯಮಿತ ಕರೆ, ಡೇಟಾ ಎಲ್ಲ ಸೇರಿತ್ತು ಎಂಬುದು ಕಂಪೆನಿಯ ಸಮರ್ಥನೆ. ಅವು ಬೇಡವೆನ್ನುವ ಆಯ್ಕೆ ಚಂದಾದಾರನಿಗೆ ಇರಲಿಲ್ಲ. ‘ತಿಂಗಳ’ ಯೋಜನೆ 28 ದಿನಕ್ಕೇ ಮುಗಿಯುವುದರಿಂದ ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಿಸಬೇಕು. 30 ದಿನಗಳ ಯೋಜನೆಯನ್ನೂ ಇಡಬೇಕೆಂದು ಟ್ರಾಯ್ 2022ರಲ್ಲಿ, ಡೇಟಾ ಇಲ್ಲದ ಕರೆ-ಎಸ್‌ಎಂಎಸ್ ಯೋಜನೆಯನ್ನೂ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸೂಚಿಸಬೇಕಾಯಿತು. ದರ ಎಷ್ಟಿರಬೇಕೆಂದು ಅದು ಹೇಳುವುದಿಲ್ಲ. ಅದನ್ನು ಕಂಪೆನಿಗಳಿಗೇ ಬಿಟ್ಟು ಎರಡು ದಶಕಗಳಾದವು.

ಸಂಖ್ಯೆ ಬದಲಿಸದೆ ಕಂಪೆನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ಇದೆ. ಎಲ್ಲ ಅಂಗಡಿಗಳಲ್ಲೂ ಬೆಲೆ ಒಂದೇ ಆದಾಗ ಅದರ ಉಪಯೋಗ ಅಷ್ಟಕ್ಕಷ್ಟೇ. ಅಪವಾದವೆಂದರೆ ಬಿಎಸ್‌ಎನ್‌ಎಲ್. 2024ರ ಜುಲೈನಲ್ಲಿ ದರ ಏರಿಸದೆ ಉಳಿದ ಈ ಸರ್ಕಾರಿ ಸಂಸ್ಥೆಗೆ ಆ ಒಂದೇ ತಿಂಗಳಲ್ಲಿ 29 ಲಕ್ಷಕ್ಕೂ ಹೆಚ್ಚು ಚಂದಾದಾರರು ಹೊಸದಾಗಿ ಸೇರಿದರು. ಮೂರೂ ಖಾಸಗಿ ಕಂಪೆನಿಗಳು ಚಂದಾದಾರರನ್ನು ಕಳೆದುಕೊಂಡವು. ಆದರೆ 4ಜಿ ಜಾಲ ಇನ್ನೂ ಪೂರ್ಣಗೊಂಡಿರದ ಕಾರಣ ಆ ಹರಿವು ಬಾಳಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಬಿಎಸ್‌ಎನ್‌ಎಲ್ ಮತ್ತೆ ಚಂದಾದಾರರನ್ನು ಕಳೆದುಕೊಂಡಿತು. ಖಾಸಗಿಯವರು ದರ ಇಳಿಸುವ ಪ್ರಮೇಯ ಬರಲಿಲ್ಲ.

ಇನ್ನು ಮೂರನೆಯ ಆಟಗಾರನ ಮಾತು. ಬಾಕಿಯನ್ನು ಷೇರುಗಳಾಗಿ ಪರಿವರ್ತಿಸಿದ ಪರಿಣಾಮ ವೊಡಾಫೋನ್ ಐಡಿಯಾದಲ್ಲಿ ಕೇಂದ್ರ ಸರ್ಕಾರದ ಪಾಲು 2025ರ ಏಪ್ರಿಲ್‌ನಲ್ಲಿ ಶೇ 48.99ಕ್ಕೆ ಏರಿತು. ಆ ಕಂಪೆನಿ ಬಾಗಿಲು ಹಾಕಿದರೆ ಖಾಸಗಿ ವಲಯದಲ್ಲಿ ಉಳಿಯುವುದು ಇಬ್ಬರೇ. ಅದು ಬದುಕಬೇಕಾದರೆ ದರ ಏರಬೇಕು. ಎಲ್ಲರ ದರವೂ ಏರದ ಹೊರತು ಅದೊಂದೇ ಏರಿಸುವಂತಿಲ್ಲ. ಹೀಗೆ ತರಂಗಗುಚ್ಛವನ್ನು ಹರಾಜು ಹಾಕುವವರು, ಬಿಎಸ್‌ಎನ್‌ಎಲ್‌ನ ಒಡೆಯರು, ವೊಡಾಫೋನ್ ಐಡಿಯಾದ ಅತಿ ದೊಡ್ಡ ಷೇರುದಾರರು ಹಾಗೂ ಗ್ರಾಹಕರ ಹಿತ ಕಾಯಬೇಕಾದವರು ಒಬ್ಬರೇ ಆಗಿದ್ದಾರೆ. ಮುಂದಿನ ದರ ಏರಿಕೆಯ ವೇಳೆ ಈ ನಾಲ್ಕರಲ್ಲಿ ಯಾವ ಕುರ್ಚಿಯಿಂದ ಸರ್ಕಾರ ಮಾತಾಡಲಿದೆ ಎಂಬುದನ್ನು ಕಂಪೆನಿಗಳೂ ಲೆಕ್ಕ ಹಾಕುತ್ತಿರುತ್ತವೆ.