ಹೂಳಿನೊಳಗಿನ ಆಮೆಯ ಲೆಕ್ಕ

ಭದ್ರಾ ನಾಲೆಯ ನೀರು ನಿಂತು, ದಾವಣಗೆರೆ–ಹರಿಹರದ ಭತ್ತದ ಗದ್ದೆಗಳು ಬಿರುಕು ಬಿಡುವ ಹೊತ್ತಿಗೆ ಕಪ್ಪೆಗಳ ಗದ್ದಲ ಅಡಗಿರುತ್ತದೆ. ಮೆದುಚಿಪ್ಪಿನ ಆಮೆ ಮಾತ್ರ ಸಾಮಾನ್ಯವಾಗಿ ಎಲ್ಲಿಗೂ ಹೋಗುವುದಿಲ್ಲ. ಕೆರೆಯಂಚಿನ ಹೂಳಿಗೆ ಇಳಿದು, ಉಸಿರು ತಗ್ಗಿಸಿ, ಮತ್ತೆ ನೀರು ಬರುವವರೆಗೆ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ಇದರ ಬೆನ್ನು ಮುಟ್ಟಿದರೆ ಗಟ್ಟಿ ಬಿಲ್ಲೆಗಳು ಸಿಗುವುದಿಲ್ಲ. ಮೂಳೆಯ ಮೇಲೆ ತೊಗಲು ಹೊದಿಸಿದಂತಿರುತ್ತದೆ. ಹೊಟ್ಟೆಯ ಚಿಪ್ಪಿನ ಹಿಂತುದಿಯಲ್ಲಿ ಎರಡು ಚರ್ಮದ ಮಡಿಕೆಗಳಿವೆ. ಹಿಂಗಾಲು ಒಳಗೆಳೆದುಕೊಂಡ ಕೂಡಲೇ ಅವು ಬಾಗಿಲಂತೆ ಮುಚ್ಚಿಕೊಳ್ಳುತ್ತವೆ. ನೀರಿನಡಿ ಅಡಗಿದ್ದಾಗ ಮೂತಿಯ ತುದಿಯಷ್ಟನ್ನೇ ಮೇಲೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಈ ಕುಲದ ಆಮೆಗಳು ಚರ್ಮ ಮತ್ತು ಗಂಟಲಿನ ಒಳಪದರದ ಮೂಲಕವೂ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸ್ವಲ್ಪ ಮಟ್ಟಿಗೆ ಹೀರಬಲ್ಲವು. ಊಟಕ್ಕೆ ಬಸವನಹುಳು, ಕಪ್ಪೆ, ನೀರುಗಿಡ, ಸತ್ತ ಮೀನು ಯಾವುದಾದರೂ ಆದೀತು. ಕೆರೆಯ ಹೆಣ ಎತ್ತುವ ಕೆಲಸ ಇದರದ್ದೇ ಅನ್ನಬೇಕು.

ಬರಕ್ಕೂ ನರಿಗೂ ಸಾಕಾಗುವ ಈ ಏರ್ಪಾಡು ಮನುಷ್ಯನ ಕಬ್ಬಿಣದ ಸಲಾಕೆಯ ಮುಂದೆ ಸೋಲುತ್ತದೆ. ಹೂಳನ್ನು ಚುಚ್ಚುತ್ತಾ ಹೋಗಿ, ಗಟ್ಟಿಯಾಗಿ ತಾಗಿದಲ್ಲಿ ಅಗೆದು ತೆಗೆಯುವುದು ದೇಶದ ಹಲವೆಡೆ ಬಲ್ಲವರ ವಿದ್ಯೆ. ಮಾಂಸಕ್ಕಾಗಿ ನಡೆಯುವ ಈ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಈ ಆಮೆ ಹುಲಿಯ ಜೊತೆಗೇ ಒಂದನೇ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಆದರೂ 2009ರಿಂದ 2019ರವರೆಗಿನ ಹತ್ತು ವರ್ಷಗಳಲ್ಲಿ ದೇಶದಲ್ಲಿ ಕಳ್ಳಸಾಗಣೆಯಿಂದ ವಶಪಡಿಸಿಕೊಂಡ ಆಮೆಗಳು 1 ಲಕ್ಷ 11 ಸಾವಿರಕ್ಕೂ ಹೆಚ್ಚು ಎಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ‘ಟ್ರಾಫಿಕ್’ ಸಂಸ್ಥೆ ಲೆಕ್ಕ ಕೊಟ್ಟಿದೆ. ಇವು ಸಿಕ್ಕಿಬಿದ್ದವು ಮಾತ್ರ.

ಬೇಟೆ ನಿಂತರೆ ಬೇಗ ಚೇತರಿಸಿಕೊಳ್ಳುವ ಜೀವಿಗಳೂ ಇವೆ. ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ ಜನ ಆಸೆಪಟ್ಟು ತಿನ್ನುವ ಕಡಲಮುಳ್ಳುಚೆಂಡು (ಸೀ ಅರ್ಚಿನ್) ಬರಿದಾಗುತ್ತಾ ಬಂದಾಗ, 2023ರಲ್ಲಿ ಪ್ರಾಂತ್ಯದ ಆಡಳಿತ ಮೂರು ವರ್ಷ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. ಆ ಜೀವಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತದೆ. ಬಿಡುವು ಕೊಟ್ಟರೆ ಚೇತರಿಸಿಕೊಂಡೀತು ಎಂಬ ಭರವಸೆಗೆ ಆಧಾರವಿದೆ. ನಮ್ಮ ಆಮೆಯ ಲೆಕ್ಕವೇ ಬೇರೆ. ಒಂದು ಸಲಕ್ಕೆ 2ರಿಂದ 16 ಮೊಟ್ಟೆ, ಮರಿ ಹೊರಬರಲು ಸುಮಾರು ಒಂಬತ್ತು ತಿಂಗಳು. ಅಷ್ಟರಲ್ಲಿ ಮುಂಗುಸಿ, ಉಡ ಬಂದುಹೋಗಿರುತ್ತವೆ. ಬದುಕಿದ ಮರಿಗೆ ಕೊಕ್ಕರೆ ಕಾದಿರುತ್ತದೆ. ಈ ನಷ್ಟವನ್ನೆಲ್ಲ ತುಂಬಿಕೊಡುವುದು ಬೆಳೆದ ಹೆಣ್ಣಿನ ದೀರ್ಘಾಯುಷ್ಯ: ವರ್ಷ ವರ್ಷವೂ ಮೊಟ್ಟೆಯಿಟ್ಟು, ಜೀವಮಾನದಲ್ಲಿ ಎರಡು ಮರಿ ದೊಡ್ಡವಾದರೆ ಸಂತತಿ ಉಳಿಯಿತು. ಬೇಟೆಗಾರ ಎತ್ತುವುದು ಮಾಂಸವಿರುವ ಆ ದೊಡ್ಡ ಹೆಣ್ಣನ್ನೇ. ಹಾಗಾಗಿ ಮೊಟ್ಟೆಗೆ ಕಾವು ಕೊಟ್ಟು ಮರಿ ಬಿಡುವ ಫೋಟೊ ಚೆನ್ನಾಗಿ ಬರುತ್ತದಾದರೂ, ಕೆರೆಯಲ್ಲಿರುವ ದೊಡ್ಡ ಆಮೆಗಳು ಉಳಿಯದಿದ್ದರೆ ಅದರಿಂದ ಆಗುವುದು ಅಷ್ಟಕ್ಕಷ್ಟೆ.

ತುಂಗಭದ್ರೆಯಲ್ಲಿ ಕೆರೆಯ ಈ ಆಮೆಗಿಂತ ಬಹಳ ದೊಡ್ಡದಾಗುವ ಇನ್ನೊಂದು ಬಗೆಯಿದೆ, ಲೀತ್ ಮೆದುಚಿಪ್ಪಿನ ಆಮೆ. ಭಾರತದ ಪರ್ಯಾಯದ್ವೀಪದ ನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ನೆಲೆಯಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಮರುವರ್ಷ ಪನಾಮಾದಲ್ಲಿ ನಡೆದ, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆ ಭಾರತದ ಪ್ರಸ್ತಾವ ಒಪ್ಪಿ, ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಾಗಿಲು ಹಾಕಿತು.

ಮಾಂಸದಾಸೆ ಸಾಲದೆಂಬಂತೆ, ಇಪ್ಪತ್ತು ಉಗುರಿನ ಆಮೆ ಮನೆಗೆ ಬಂದರೆ ಹಣ ಬರುತ್ತದೆಂದು ನಂಬಿಸುವವರೂ ಇದ್ದಾರೆ. ಮೆದುಚಿಪ್ಪಿನ ಆಮೆಗಳಿಗೆ ಕಾಲಿಗೆ ಮೂರರಂತೆ ಇರುವುದೇ ಹನ್ನೆರಡು ಉಗುರು!

ಬಲೆಗೆ ಆಮೆ ಸಿಕ್ಕರೆ ಬಲೆಯನ್ನೇ ಕತ್ತರಿಸಿ, ಸಿಕ್ಕ ನೀರಿಗೇ ಬಿಡುವುದು ಸರಿ. ನೀರಿನಡಿ ಬಿಗಿದ ಬಲೆಯಲ್ಲಿ ಹೆಚ್ಚು ಹೊತ್ತು ಉಳಿದರೆ, ಚರ್ಮದಿಂದ ಉಸಿರಾಡಬಲ್ಲ ಆಮೆಯೂ ಮುಳುಗಿ ಸಾಯುತ್ತದೆ. ನೀರು ಶುದ್ಧವಾಗಲೆಂದು ಆಮೆಯನ್ನು ತೋಟದ ಬಾವಿಗೆ ಬಿಡುವ ರೂಢಿ ನಮ್ಮಲ್ಲಿದೆ. ಅದೂ ಕಾನೂನಿನ ಕಣ್ಣಲ್ಲಿ ಸೆರೆಯೇ. ಬಾವಿಯಲ್ಲಿ ಆಮೆ ವರ್ಷಗಟ್ಟಲೆ ಬದುಕೀತು. ಮೊಟ್ಟೆಯಿಡಲು ಮಣ್ಣಿನ ದಡವಿಲ್ಲದ್ದರಿಂದ, ಸಂತತಿಯ ಲೆಕ್ಕದಲ್ಲಿ ಅದು ಸತ್ತಂತೆಯೇ.