ಹಳೇ ಪದ್ಮಿನಿ: ಮಾರೋದಾ, ಇಟ್ಕೊಳ್ಳೋದಾ?

ಕಳೆದ ಬೇಸಿಗೆ ರಜೆಯಲ್ಲಿ ಅಜ್ಜಿಯನ್ನು ಕಣ್ಣಿನ ಆಪರೇಷನ್‌ಗೆ ಕರ್ಕೊಂಡು ಹೋಗುವಾಗ ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ದಾರಿ ಮಧ್ಯೆ ನಿಂತುಹೋಯಿತು. ಮಧ್ಯಾಹ್ನ ಹನ್ನೆರಡರ ಬಿಸಿಲು. ಅಜ್ಜಿಯನ್ನು ಆಟೋ ಹತ್ತಿಸಿ ಕಳಿಸಿ, ನಾವು ಕಾರು ತಳ್ಳಿದೆವು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ “ಇದನ್ನ ಮಾರಿಬಿಡೋಣ” ಅಂದರು.

ಅದು ಅಜ್ಜ 1986ರಲ್ಲಿ ಕೊಂಡ ಕಾರು. ನಮಗೆ ಮನಸ್ಸಿಲ್ಲ. “ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಯಾಕೆ ಇಟ್ಕೋಬೇಕು ಅಂತ ಲೆಕ್ಕ ಹಾಕಿ ತೋರಿಸಿ” ಅಂದರು ಅಪ್ಪ. ಆ ಲೆಕ್ಕವೇ ಈ ಲೇಖನ. ನಿಮ್ಮ ಮನೆಯಲ್ಲಿ ಅಂಬಾಸಿಡರ್ ಇರಲಿ, ಯೆಜ್ಡಿ ಇರಲಿ, ದಾರಿ ಹೆಚ್ಚುಕಮ್ಮಿ ಇದೇ.

ಮೊದಲ ಪ್ರಶ್ನೆ: ಗಾಡಿ ಯಾಕೆ ನಿಲ್ಲುತ್ತೆ?

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ 1964ರಿಂದ ‘ಡಿಲೈಟ್’ ಅನ್ನೋ ಹೆಸರಲ್ಲಿ ತಯಾರಾಗುತ್ತಿತ್ತು, 1974ರಲ್ಲಿ ಪದ್ಮಿನಿ ಆಯಿತು. 1089 ಸಿಸಿ ಇಂಜಿನ್, ಕಾರ್ಬೊರೇಟರ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಕಂಪ್ಯೂಟರ್ ಅನ್ನೋದೇ ಇಲ್ಲ, ಹಾಗಾಗಿ ತಪ್ಪು ಎಲ್ಲಿದೆ ಅಂತ ಕಣ್ಣಲ್ಲೇ ನೋಡಬಹುದು.

ನಮ್ಮದು ಆವತ್ತು ನಿಂತಿದ್ದು ವೇಪರ್ ಲಾಕ್‌ನಿಂದ. ಪೆಟ್ರೋಲ್ ಪಂಪ್ ಇಂಜಿನ್‌ಗೇ ಅಂಟಿಕೊಂಡಿರುತ್ತೆ. ಬಿಸಿಲಲ್ಲಿ, ಟ್ರಾಫಿಕ್‌ನಲ್ಲಿ ಅದು ಕಾದು, ಒಳಗಿನ ಪೆಟ್ರೋಲ್ ಆವಿಯಾಗುತ್ತೆ. ದ್ರವ ತಳ್ಳೋ ಪಂಪ್ ಆವಿಯನ್ನು ತಳ್ಳಲಾರದು. ಹಳೇ ಡ್ರೈವರ್‌ಗಳು ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದರಲ್ಲ, ಅದು ಮೂಢನಂಬಿಕೆ ಅಲ್ಲ, ಥರ್ಮೋಡೈನಮಿಕ್ಸ್.

ಎರಡನೇದು ಪಾಯಿಂಟ್. ಡಿಸ್ಟ್ರಿಬ್ಯೂಟರ್ ಒಳಗಿನ ಈ ಪುಟ್ಟ ಸ್ವಿಚ್ ತೆರೆದಾಗ ಕಾಯಿಲ್‌ನ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟುತ್ತೆ. ಪ್ರತಿ ಸಲ ಚೂರು ಚೂರು ಸುಡುತ್ತಾ ಗ್ಯಾಪ್ ತಪ್ಪುತ್ತೆ. ಮೂರನೇದು ಇಂದಿನ ಪೆಟ್ರೋಲ್. ಅದರಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನೂ ಪಂಪ್‌ನ ಡಯಾಫ್ರಮ್ಮನ್ನೂ ಹಾಳು ಮಾಡುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗೆ ಇದು ಇನ್ನೂ ಕೆಟ್ಟದ್ದು. ನಾವು ನಿಲ್ಲಿಸಿದ್ದೆವು. ತಪ್ಪು ಕಾರಿನದ್ದಲ್ಲ, ನಮ್ಮದು.

ಎರಡನೇ ಪ್ರಶ್ನೆ: ಎಷ್ಟು ನಂಬಬಹುದು?

ಪಂಪ್, ಪಾಯಿಂಟ್, ಬ್ಯಾಟರಿ, ಪೈಪು, ರೇಡಿಯೇಟರ್ ಹೀಗೆ ಐದು ಭಾಗ ಅಂದುಕೊಳ್ಳಿ. ಇವು ಸೀರೀಸ್‌ನಲ್ಲಿವೆ, ಒಂದು ಕೈಕೊಟ್ಟರೂ ಗಾಡಿ ನಿಂತಂಗೆ. ಒಂದೊಂದೂ ನೂರಕ್ಕೆ 95 ಸಲ ಸರಿಯಾಗಿರುತ್ತೆ ಅಂತ ಇಟ್ಟುಕೊಂಡರೆ, 0.95ರ ಐದನೇ ಘಾತ ಸುಮಾರು 0.77. ಅಂದರೆ ನಾಲ್ಕು ಸಲ ಹೊರಟರೆ ಹತ್ತಿರ ಹತ್ತಿರ ಒಂದು ಸಲ ತಳ್ಳಬೇಕು! ಅದೇ ಒಂದೊಂದನ್ನೂ 99ಕ್ಕೆ ತಂದರೆ ಒಟ್ಟು 0.95 ಆಗುತ್ತೆ. ಇದಕ್ಕೆ ಬೇಕಾಗೋದು ದೊಡ್ಡ ರಿಪೇರಿ ಅಲ್ಲ, ಹೊಸ ಪೈಪು, ಹೊಸ ಪಾಯಿಂಟ್, ವಾರಕ್ಕೊಂದು ಸಲ ಓಡಿಸೋ ಶಿಸ್ತು.

ಇಲ್ಲಿಯವರೆಗೆ ನಾವೇ ಗೆಲ್ತಿದ್ವಿ.

ಮೂರನೇ ಪ್ರಶ್ನೆ: ತುಕ್ಕು ಎಲ್ಲಿದೆ?

ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತೆ. ಬಾಗಿಲ ಮೇಲೆ ತುಕ್ಕಿದ್ದರೆ ಅದು ಅಂದದ ವಿಷಯ. ತಳದಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಇದ್ದರೆ ಅದು ಜೀವದ ವಿಷಯ. ಗ್ಯಾರೇಜ್‌ನಲ್ಲಿ ಗಾಡಿ ಎತ್ತಿಸಿ, ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿದೆವು. ಡ್ರೈವರ್ ಸೀಟಿನ ಕೆಳಗೆ ಅದು ಬಿಸ್ಕತ್ತಿಗೆ ಚುಚ್ಚಿದಂಗೆ ಒಳಗೆ ಹೋಯಿತು. ಟಿಂಕರಿಂಗ್‌ನವರು ಹೇಳಿದ ಮೊತ್ತ ನಮ್ಮ ಒಂದು ಸೆಮಿಸ್ಟರ್ ಫೀಸಿಗಿಂತ ಜಾಸ್ತಿ.

ನಾಲ್ಕನೇ ಪ್ರಶ್ನೆ: ಕಾಗದ, ದುಡ್ಡು

ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಫಿಟ್‌ನೆಸ್ ತಪಾಸಣೆ ಪಾಸಾಗಬೇಕು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಈ ಶುಲ್ಕ 10,000 ರೂಪಾಯಿ. ‘ವಿಂಟೇಜ್’ ಅಂತ ನೋಂದಾಯಿಸೋಣ ಅಂದರೆ 2021ರ ನಿಯಮದ ಪ್ರಕಾರ 50 ವರ್ಷ ದಾಟಿರಬೇಕು, ದಿನನಿತ್ಯದ ಓಡಾಟಕ್ಕೂ ಬಳಸೋ ಹಾಗಿಲ್ಲ. ನಮ್ಮದಕ್ಕೆ 2036ರ ತನಕ ಕಾಯಬೇಕು.

“ಇಷ್ಟು ವರ್ಷ ದುಡ್ಡು ಸುರಿದಿದ್ದೀವಲ್ಲ” ಅನ್ನೋ ವಾದವನ್ನೂ ನಾವು ಹೂಡಿದೆವು. ಅದು ನಿಲ್ಲಲ್ಲ. ಹೋದ ದುಡ್ಡು ಇಟ್ಕೊಂಡರೂ ವಾಪಸ್ ಬರಲ್ಲ, ಮಾರಿದರೂ ಬರಲ್ಲ. ಲೆಕ್ಕಕ್ಕೆ ಬರೋದು ಇನ್ನು ಮುಂದೆ ಆಗೋ ಖರ್ಚು ಮಾತ್ರ.

ಕೊನೆಗೆ ಉಳಿದದ್ದು ಎರಡೇ ದಾರಿ. ತಳ ಪೂರ್ತಿ ಮಾಡಿಸೋದು, ಇಲ್ಲಾ ಮಾಡಿಸಬಲ್ಲವರಿಗೆ ಕೊಡೋದು. ಹಾಗೇ ಶೆಡ್‌ನಲ್ಲಿ ಇಟ್ಕೊಳ್ಳೋದು ಅಂದರೆ ನಿಧಾನಕ್ಕೆ ಗುಜರಿಗೆ ಹಾಕಿದಂಗೇ. ನಾವು ಇದನ್ನು ಹೇಳೋಕೆ ಅಂಜುತ್ತಿದ್ದದ್ದು ಅಜ್ಜಿಗೆ. ಅವರು ಕೇಳಿಸಿಕೊಂಡು, “ನಿಮ್ಮಜ್ಜ ಅದನ್ನ ನಿಲ್ಸಿ ನೋಡೋಕೆ ತಂದಿರ್ಲಿಲ್ಲ, ಓಡಿಸೋಕೆ ತಂದಿದ್ರು. ಓಡಿಸೋರಿಗೆ ಕೊಡಿ” ಅಂದರು.

ಪಕ್ಕದ ಊರಿನಲ್ಲಿ ಆಗಲೇ ಒಂದು ಪದ್ಮಿನಿಯನ್ನು ರಿಪೇರಿ ಮಾಡಿ ಓಡಿಸುತ್ತಿರುವವರೊಬ್ಬರು ಸಿಕ್ಕರು. ತುಕ್ಕು ಎಲ್ಲೆಲ್ಲಿದೆ ಅಂತ ಪಟ್ಟಿ ಬರೆದು ನಾವೇ ಕೈಗೆ ಕೊಟ್ಟೆವು. ಬೆಲೆ ಸ್ವಲ್ಪ ಇಳಿಯಿತು, ಅಪ್ಪ ಏನೂ ಅನ್ನಲಿಲ್ಲ.

ನೀವು ಮಾರೋದಾದರೆ ಒಂದು ಮಾತು ನೆನಪಿಡಿ: ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟ ತಕ್ಷಣ ಕೆಲಸ ಮುಗಿಯಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗೋ ತನಕ ಅಪಘಾತವಾದರೆ ಹೊಣೆ ನಿಮ್ಮ ತಲೆಗೇ ಬರಬಹುದು. ನಾವು ಹೆಸರು ಬದಲಾದದ್ದನ್ನು ನೋಡಿ ಆಮೇಲೆ ಎರಡನೇ ಕೀ ಕೊಟ್ಟೆವು. ಅದು ಅಜ್ಜಿಯ ಬೀಗದ ಗೊಂಚಲಿನಲ್ಲೇ ಇತ್ತು. ಅವರೇ ಬಿಚ್ಚಿ ಕೊಟ್ಟರು.