ಚಿತ್ರ ಅಳಿಯಿತು, ಚೀಟಿ ಉಳಿಯಿತು

ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ಭವನಾನಿ ಅವರು 1930ರ ದಶಕದ ಆರಂಭದಲ್ಲಿ ನಿರ್ದೇಶಿಸಿದ ‘ವಸಂತಸೇನಾ’ ಮೂಕಿ ಚಿತ್ರದ ಪಾತ್ರವರ್ಗವನ್ನು ಓದಿದರೆ ಇಂದಿಗೂ ಅಚ್ಚರಿಯಾಗುತ್ತದೆ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಇವರ ಜತೆಗೆ ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು. ಮಾತಿನ ಮಲ್ಲನೆನಿಸಿಕೊಂಡ ಕೈಲಾಸಂ ಮಾತೇ ಇಲ್ಲದ ಚಿತ್ರದಲ್ಲಿ ಹೇಗೆ ಅಭಿನಯಿಸಿದರೆಂಬುದನ್ನು ತಿಳಿಯಲು ಇಂದು ದಾರಿಯಿಲ್ಲ. ಚಿತ್ರವೇ ಉಳಿದಿಲ್ಲ. ಗುಬ್ಬಿ ವೀರಣ್ಣನವರ ‘ಹರಿಮಾಯಾ’ (1932), ಶಿವರಾಮ ಕಾರಂತರ ‘ಡೊಮಿಂಗೊ’ ಚಿತ್ರಗಳ ಗತಿಯೂ ಇದೇ.

ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1,300. ಪೂರ್ಣವಾಗಿಯೋ ತುಣುಕಾಗಿಯೋ ಉಳಿದಿರುವವು ಮೂವತ್ತರ ಆಸುಪಾಸು ಮಾತ್ರ. ಇದಕ್ಕೆ ಮುಖ್ಯ ಕಾರಣ ಅಂದಿನ ಫಿಲ್ಮಿನ ರಾಸಾಯನಿಕ ಗುಣ. ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡಿದ ಆ ಸುರುಳಿ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯಬಲ್ಲದು. ಬೆಂಕಿ ತಗುಲದಿದ್ದರೂ ಸೆಕೆ, ತೇವಗಳಿಗೆ ಸಿಕ್ಕು ಮೊದಲು ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಜತೆಗೆ ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಅಂಶವಿತ್ತು. ಟಾಕಿ ಬಂದ ಮೇಲೆ ಮೂಕಿಗೆ ಮಾರುಕಟ್ಟೆ ಉಳಿಯದಿದ್ದಾಗ ಬೆಳ್ಳಿಗಾಗಿ ಫಿಲ್ಮನ್ನೇ ಕರಗಿಸಿದವರಿದ್ದಾರೆ.

ದಕ್ಷಿಣ ಭಾರತದ ಮೂಕಿ ಕಥಾಚಿತ್ರಗಳಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ಉಳಿದ ಏಕೈಕ ಚಿತ್ರವೆಂದು ಪರಿಗಣಿತವಾಗಿರುವುದು ‘ಮಾರ್ತಾಂಡವರ್ಮ’. ಅದು ಉಳಿದ ಬಗೆಯೂ ಸ್ವಾರಸ್ಯಕರ. ಮೂಲ ಕಾದಂಬರಿಯ ಹಕ್ಕು ಹೊಂದಿದ್ದ ತಿರುವನಂತಪುರದ ಪುಸ್ತಕ ಪ್ರಕಾಶಕರು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಚಿತ್ರದ ಪ್ರತಿ ಜಪ್ತಿಯಾಗಿ ಪುಸ್ತಕದಂಗಡಿಯ ಉಗ್ರಾಣ ಸೇರಿತು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಪಡೆದುಕೊಂಡಿತು. ವ್ಯಾಜ್ಯವೇ ಚಿತ್ರವನ್ನು ಕಾಪಾಡಿತೆನ್ನಬೇಕು! ಕನ್ನಡ ನಾಡಿನ ಚಿತ್ರಗಳಿಗೆ ಅಂಥ ಅದೃಷ್ಟ ಒದಗಲಿಲ್ಲ.

ಹೀಗೆ ಚಿತ್ರ ಅಳಿದಾಗ ಇತಿಹಾಸಕಾರರಿಗೆ ಆಸರೆಯಾಗುವುದು ಅದರ ಸುತ್ತ ಹುಟ್ಟಿಕೊಂಡ ಕಾಗದ. ಯುರೋಪಿನಲ್ಲಿ ಇದು ದೊಡ್ಡ ವ್ಯಾಪಾರವೇ ಆಗಿತ್ತು. ಫ್ರಾನ್ಸಿನ ಲೂಯಿ ಫೊಯಾದ್ 1921ರಲ್ಲಿ ನಿರ್ದೇಶಿಸಿದ ‘ಲೆ ದ್ಯು ಗಾಮೀನ್’ (ಇಬ್ಬರು ಹುಡುಗಿಯರು) ಕಣ್ಣೀರಿನ ಕಥೆ 12 ಕಂತುಗಳಲ್ಲಿ ತೆರೆಗೆ ಬಂದಿತು. ಇಂಥ ಕಂತು ಚಿತ್ರಗಳ ಕಥೆಗಳು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿಯೂ ಬರುತ್ತಿದ್ದವು. ತಾರೆಯರ ಭಾವಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾಗುತ್ತಿದ್ದವು. ನೆರೆಯ ಸ್ಪೇನಿನಲ್ಲಿ ಚಾಕಲೇಟ್ ತಯಾರಕರು ಚಿತ್ರದ ದೃಶ್ಯಗಳನ್ನು ಪುಟ್ಟ ಕಾರ್ಡುಗಳಲ್ಲಿ ಕ್ರಮಸಂಖ್ಯೆ ಸಹಿತ ಮುದ್ರಿಸಿ ಹಂಚುತ್ತಿದ್ದರು. ಸರಣಿ ಪೂರ್ತಿಯಾಗುವವರೆಗೆ ಮಕ್ಕಳು ಚಾಕಲೇಟ್ ಕೊಳ್ಳಲೇಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರ. ಅಂದಿನ ಈ ಜಾಹೀರಾತಿನ ಉಪಾಯ ಇಂದು ದಾಖಲೆಯಾಗಿ ಬೆಲೆ ಪಡೆದಿದೆ.

ಕಾಗದ ಎಷ್ಟರ ಮಟ್ಟಿಗೆ ನೆರವಾಗಬಲ್ಲದೆಂಬುದಕ್ಕೆ ಆಬೆಲ್ ಗಾನ್ಸ್‌ನ ‘ಲಾ ರೂ’ (1923) ಸಾಕ್ಷಿ. ರೈಲು ಅಪಘಾತದಲ್ಲಿ ಅನಾಥಳಾದ ಮಗುವನ್ನು ಸಾಕುವ ರೈಲ್ವೆ ನೌಕರ, ಆಕೆ ಬೆಳೆದಂತೆ ಅವಳಲ್ಲೇ ಮನಸ್ಸಿಟ್ಟು ಬೇಯುವ ದುರಂತ ಇದರ ವಸ್ತು. ಚಿತ್ರದ ಪ್ರತಿಗಳು ತುಂಡುತುಂಡಾಗಿ ಹಲವೆಡೆ ಚದುರಿದ್ದವು. ಮೊದಲ ಪ್ರದರ್ಶನದಲ್ಲಿ ವಾದ್ಯಗೋಷ್ಠಿ ನುಡಿಸಿದ ಸಂಗೀತದ ಪಟ್ಟಿಯೊಂದು ಉಳಿದಿತ್ತು. ದೃಶ್ಯಗಳ ಕ್ರಮ ಕೂಡಿಸಲು ಅದು ನೆರವಾಗಿ, 2019ರಲ್ಲಿ ಸುಮಾರು ಏಳು ಗಂಟೆಗಳ ಚಿತ್ರ ಮತ್ತೆ ತೆರೆ ಕಂಡಿತು.

ಆದರೆ ಕಾಗದವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕಾರ್ಡಿನಲ್ಲಿ ಕಾಣುವ ದೃಶ್ಯ ಸಾಮಾನ್ಯವಾಗಿ ಫಿಲ್ಮಿನಿಂದ ಕತ್ತರಿಸಿದ ಚೌಕಟ್ಟಲ್ಲ. ಚಿತ್ರೀಕರಣದ ನಡುವೆ ನಟರನ್ನು ನಿಲ್ಲಿಸಿ ಸ್ಥಿರ ಛಾಯಾಗ್ರಾಹಕ ಬೇರೆಯಾಗಿಯೇ ತೆಗೆದದ್ದು. ಎಷ್ಟೋ ವೇಳೆ ಆ ಭಂಗಿ ಚಿತ್ರದಲ್ಲಿ ಇರುವುದೇ ಇಲ್ಲ. ವೇಷ, ಆಭರಣ, ರಂಗಸಜ್ಜಿಕೆಗಳಿಗೆ ಅದು ಸಾಕ್ಷಿಯಾದೀತು. ಅಭಿನಯದ ಗತಿಗೆ ಆಗದು.

ನಮ್ಮಲ್ಲಿ ಚಾಕಲೇಟ್ ಕಾರ್ಡಿನ ಸ್ಥಾನವನ್ನು ತುಂಬಿದ್ದು ಕರಪತ್ರ, ಚಿತ್ರಮಂದಿರದ ಮುಂದಿನ ಸ್ಟಿಲ್ಲು ಹಾಗೂ ಟಾಕಿ ಬಂದ ಮೇಲೆ ಹಾಡಿನ ಪುಸ್ತಕ. ಕಥಾಸಾರ, ಪಾತ್ರವರ್ಗ ಮತ್ತು ಹಾಡುಗಳನ್ನು ಒಳಗೊಂಡ ಈ ಕಿರುಹೊತ್ತಗೆಗಳು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದವು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ದ ಪ್ರತಿಯೂ ಇಂದು ಲಭ್ಯವಿಲ್ಲ. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ಆರ್. ನಾಗೇಂದ್ರರಾಯರ ರಾವಣ, ತ್ರಿಪುರಾಂಬ ಅವರ ಸುಲೋಚನೆ ಹೇಗಿದ್ದರೆಂಬುದನ್ನು ಕೆಲವು ಛಾಯಾಚಿತ್ರ, ಜಾಹೀರಾತುಗಳಿಂದಲೇ ಊಹಿಸಿಕೊಳ್ಳಬೇಕು.

ಮೈಸೂರು, ಶ್ರೀರಂಗಪಟ್ಟಣ, ಬೆಳಗೊಳದ ಸೀಮೆಯಲ್ಲಾಗಲಿ ಬೇರೆಡೆಯಾಗಲಿ, ಹಳೆಯ ಮನೆ ಕೆಡಹುವಾಗ ಅಟ್ಟದ ಟ್ರಂಕಿನಿಂದ ಹೊರಬರುವ ಇಂಥ ಕಾಗದ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುತ್ತದೆ. ಉಳಿಸುವ ಆಸೆಯಿಂದ ಲ್ಯಾಮಿನೇಟ್ ಮಾಡಿಸುವವರೂ ಇದ್ದಾರೆ. ಅದು ರದ್ದಿಗಿಂತ ಸ್ವಲ್ಪವೇ ಮೇಲು. ಬಿಸಿ ಮತ್ತು ಅಂಟು ಕಾಗದಕ್ಕೆ ಶಾಶ್ವತ ಹಾನಿ ಮಾಡುತ್ತವೆ. ಸೆಲ್ಲೋಟೇಪೂ ಕೆಲವು ವರ್ಷಗಳಲ್ಲಿ ಕಂದು ಕಲೆ ಬಿಡುತ್ತದೆ. ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಬಿಸಿಲು ಮತ್ತು ತೇವದಿಂದ ದೂರವಿಡುವುದು ಸರಿಯಾದ ಕ್ರಮ. ಸ್ಕ್ಯಾನ್ ಮಾಡುವುದಾದರೆ ಎರಡೂ ಬದಿ ಮಾಡಬೇಕು. ಮುದ್ರಣಾಲಯ, ಚಿತ್ರಮಂದಿರ, ಆಟದ ದಿನಾಂಕಗಳ ವಿವರ ಬಹುತೇಕ ಹಿಂಬದಿಯಲ್ಲೇ ಇರುತ್ತದೆ.